ಹೊತ್ತದ್ದು ಒಂದೇ ಸಲ

ರಾಯಚೂರು ಗಂಜಿನ ಮಾಳಿಗೆಯಲ್ಲಿ,
ತೂಕದ ಕಟ್ಟೆಯ ನೆತ್ತಿಗೆ ಸರಿಯಾಗಿ
ಕಿಟಕಿ ಇಲ್ಲದ ಕೋಣೆ ನನ್ನದು.
ಭತ್ತದ ಸುಂಕು ಅದೆಲ್ಲಿಂದಲೋ ಒಳಬಂದು
ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ.

ಸರ್ವರ್ ನಮ್ಮದಲ್ಲ.
ಯಾವುದೋ ಕಂಪನಿ ಕಟ್ಟಿದ್ದು, ಇನ್ಯಾವುದೋ ಕಂಪನಿ ಮಾರಿದ್ದು,
ಸಮಿತಿ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟುವುದು.
ಅದರೊಳಗೆ ನಮ್ಮವು ನಾಲ್ಕು ಸೇವೆ:
ತೂಕ, ದರ, ಚೀಟಿ, ಹಮಾಲಿ.
ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವವರು
ಮಾಲೀಕನ ಕೆಮ್ಮಿಗೆ ಕಿವಿಗೊಡುವ ಹಾಗೆ
ಒಂದೊಂದೇ ಸೆಟ್ಟಿಂಗ್ ಮುಟ್ಟುತ್ತೇನೆ.
ದರವನ್ನು ನಿಲ್ಲಿಸಬೇಕು, ತೂಕ ನಿಲ್ಲಬಾರದು.
ಕೆಲವು ಗುಂಡಿಗಳು ಬೂದು ಬಣ್ಣ.
ಬೂದು ಎಂದರೆ ಕಾಣುತ್ತದೆ, ಒತ್ತಲಾಗದು.

ಡಿಸೆಂಬರಿನ ರಾತ್ರಿ. ಮಾನ್ವಿ ಕಡೆಯ ಟ್ರ್ಯಾಕ್ಟರುಗಳು
ಗೇಟಿನಾಚೆಯೂ ಸಾಲುಗಟ್ಟಿವೆ.
ಮೆಟ್ಟಿಲು ಹತ್ತಿ ಬಂದವನು ಯಂಕೋಬ,
ಅವನ ಹಿಂದೆ, ಚೀಟಿ ಹಿಡಿದು, ಮುಕದ್ದಮ ಖಾಜಾಸಾಬ.

"ಅಕ್ಕಾರ, ನಿಮ್ಮ ಮಿಷನ್ ನನ್ನ ಕಳ್ಳನ್ನ ಮಾಡ್ಯಾದ್ರಿ.
ನಾ ಹೊತ್ತದ್ದು ನೂರಾ ಹನ್ನೊಂದು.
ಚೀಟಿಯಾಗ ನೂರಾ ಹದಿನೆಂಟು ಅದ.
ಏಳು ಚೀಲ ಯಾರ ಬೆನ್ನ ಮ್ಯಾಲಿಂದ ಇಳದ್ವು?"

ಲಾಗ್ ತೆರೆದೆ.
ಬಿಸಿಲಿಗೆ ಕೂತು ಹೇನು ನೋಡುವ ಮುದುಕಿಯಂತೆ
ಎಳೆ ಎಳೆಯಾಗಿ ಸರಿಸುತ್ತ ಹೋದೆ. ಸಿಕ್ಕಿತು:
ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ
ಎಪ್ಪತ್ತೈದು ಕೆಜಿ ಇನ್ನೂರು ಗ್ರಾಂ.
ಮೂರು ಸೆಕೆಂಡು ಬಿಟ್ಟು
ಅದೇ ಎಪ್ಪತ್ತೈದು, ಅದೇ ಇನ್ನೂರು.

ನಮ್ಮ ಸೇವೆ ಉತ್ತರಕ್ಕೆ ತಡಮಾಡಿದರೆ
ಸರ್ವರ್ ತಾನಾಗಿ ಮತ್ತೊಮ್ಮೆ ಕೇಳುತ್ತದೆ.
ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಅದಕ್ಕೆ.
ಕೇಳಿಸಿರುತ್ತದೆ. ಚೀಲ ಲೆಕ್ಕಕ್ಕೆ ಸೇರಿರುತ್ತದೆ,
ಈಗ ಇನ್ನೊಮ್ಮೆ ಸೇರುತ್ತದೆ.
ಆ ಗುಂಡಿಯೂ ಬೂದು.

ಕಂಪನಿಗೆ ಬರೆದೆ. ಟಿಕೆಟ್ ನಂಬರು ಬಂತು, ಒಂಬತ್ತು ಅಂಕಿ,
ಯಂಕೋಬ ಆಯುಷ್ಯವಿಡೀ ಹೊತ್ತರೂ ಮುಟ್ಟದ ಸಂಖ್ಯೆ.
ಅದರ ಬೆನ್ನಿಗೇ ಉತ್ತರ:
ಅದು ಇರಬೇಕಾದದ್ದೇ ಹಾಗೆ.

ಇಷ್ಟನ್ನೂ ಹೇಳಿದೆ. ಯಂಕೋಬ ತಲೆ ಕೆರೆದುಕೊಂಡ.
"ಅದಕ್ಕ ನೆನಪಿಲ್ಲೇನ್ರಿ?
ಒಂದ್ ಸಲ ಇಳಿಸಿದ ಚೀಲ ಮತ್ತ ಮ್ಯಾಲ ಬಂದ್ರ
ಬೆನ್ನಿಗಿ ಗೊತ್ತಾಗಂಗಿಲ್ಲೇನು?"

ಗೊತ್ತಾಗುತ್ತದೆ. ಹಾಗಾದರೆ ಆ ಬೆನ್ನನ್ನೇ ಬರೆಯೋಣ ಎಂದುಕೊಂಡೆ.
ಚೀಲಕ್ಕೊಂದು ನಂಬರು. ನಮ್ಮ ಬಾಗಿಲಲ್ಲೇ ಒಂದು ಪ್ರಶ್ನೆ:
ನೀನು ಮೊದಲೇ ಬಂದಿದ್ದೆಯಾ?
ಬಂದಿದ್ದರೆ ಹಳೆಯ ಚೀಟಿಯನ್ನೇ ತೋರಿಸಿ ಕಳಿಸು.
ಹದಿನಾಲ್ಕು ಸಾಲು. ಮೊದಲ ಸಲ ಏಳಲೇ ಇಲ್ಲ,
ಎರಡನೇ ಸಲ ಎದ್ದು ದರವನ್ನೂ ಕೆಡವಿತು,
ಕೆಳಗಿನಿಂದ ದಲಾಲರ ಬೈಗುಳ ಕೇಳಿಸಿತು.

ಎರಡೂವರೆಗೆ ಹಳೆಯ ತೂಕವನ್ನು ಇಳಿಸಿ
ಹೊಸ ತೂಕವನ್ನು ಏರಿಸಿದೆ.
ಇಳಿಸುವುದು, ಏರಿಸುವುದು.
ನನಗೂ ಯಂಕೋಬನಿಗೂ ಇವೇ ಎರಡು ಮಾತು
ಎಂದು ಆಗಲೇ ಹೊಳೆದದ್ದು; ಹೇಳಲಿಲ್ಲ.
ಹೇಳಿದರೆ ನನ್ನ ಕೈ ನೋಡಿ ನಕ್ಕಾನು.

ಪರೀಕ್ಷೆಗೆಂದು ಬೇಕಂತಲೇ ತಡಮಾಡಿಸಿದೆ.
ಯಂಕೋಬ ಥಪ್ಪಿಯಿಂದ ಒಂದು ಚೀಲ ಹೊತ್ತು ತಂದು
ತಕ್ಕಡಿಗೆ ಕೆಡವಿದ.
ಸರ್ವರ್ ಕೇಳಿತು. ಕಾಯಿತು. ಮತ್ತೆ ಕೇಳಿತು.
ಬಂದದ್ದು ಒಂದೇ ಚೀಟಿ.

ಖಾಜಾಸಾಬ ತನ್ನ ಕೈಯಲ್ಲಿದ್ದುದನ್ನು
ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡ,
ತಪ್ಪಾಯಿತು ಅನ್ನಲಿಲ್ಲ.
ಯಂಕೋಬ ಚೀಲವನ್ನು ಮರಳಿ ಥಪ್ಪಿಗೆ ಒಯ್ದಿಟ್ಟು
ಟವೆಲ್ ಕೊಡವುತ್ತ ಕೇಳಿದ:
"ಈಗ ಹೊತ್ತದ್ದು ಯಾರ ಲೆಕ್ಕಕ್ಕರಿ, ಅಕ್ಕಾರ?"

ಪರೀಕ್ಷೆಯ ಚೀಲಕ್ಕೆ ಕಾಲಂ ಇರಲಿಲ್ಲ.
ಮೇಲೆ ಹೋಗಿ ಹುಡುಕಿದೆ, ಬೂದು ಗುಂಡಿಗಳ ನಡುವೆಯೂ.
ಕೊನೆಗೆ ನನ್ನ ಚಹಾದ ಲೆಕ್ಕದ ಪುಸ್ತಕ ತೆಗೆದು
ಪೆನ್ಸಿಲಿನಿಂದ ಬರೆದೆ:
ಯಂಕೋಬ. ಒಂದು ಚೀಲ. ಎರಡು ಸಲ.