ಖಾಲಿ ಚೌಕ

ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆ, ಹನ್ನೊಂದನೇ ನಂಬರಿನ ಕೋಣೆ.
ಒಳಗೆ ತಮ್ಮ ಬೈರೆಡ್ಡಿಗೆ ಬಾಟಲಿ ಏರಿಸಿದ್ದಾರೆ,
ಇದೊಂದನ್ನು ಮಾತ್ರ ಕಿತ್ತೆಸೆಯಲು ನೋಡುತ್ತಾನೆ.
ಹೊರಗೆ, ಹಾವೇರಿ ಕಡೆಯ ಸಮಾಲೋಚಕಿ
ಬಿಳಿ ಹಾಳೆಯ ಮೇಲೆ ನಮ್ಮ ವಂಶ ಬರೆಯುತ್ತಿದ್ದಾಳೆ.
ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ,
ಕುಡಿದವರಿಗೆ ಪೆನ್ಸಿಲಿನ ಕಪ್ಪು.
"ಯಾರ್ಯಾರು ಕುಡೀತಿದ್ರು, ನೆನಪ ಮಾಡ್ಕೊಂಡ ಹೇಳ್ರಿ."

ನೆನಪು ಮಾಡಿಕೊಳ್ಳುವುದೇನು ಬಂತು.
ತಾತ ಪಾಪಿರೆಡ್ಡಿಯದು ಈಚಲ ಹೆಂಡ, ಕರೀ ಮಡಕೆ.
ಮೂಗುದಾರವಿಲ್ಲದ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸಿದವನು,
ಊರು ಎದೆಗಾರ ಎಂದಿತು.
ಅಪ್ಪ ಚೌಡರೆಡ್ಡಿಯದು ಸಾರಾಯಿ ಪ್ಯಾಕೆಟ್ಟು.
ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಉಗಿಯುತ್ತಿದ್ದ,
ಆ ಚೂರುಗಳನ್ನು ಆಯ್ದು
ನಾವು ಅಂಗಡಿಯಾಟದಲ್ಲಿ ದುಡ್ಡು ಮಾಡುತ್ತಿದ್ದೆವು.
ಸುರಿವ ಮಳೆಯಲ್ಲಿ ಕಂಬ ಹತ್ತಿ ಫ್ಯೂಸು ಹಾಕಿಬಂದವನು,
ಅವನೂ ಎದೆಗಾರ.
ಸರ್ಕಾರ ಪ್ಯಾಕೆಟ್ಟು ನಿಲ್ಲಿಸಿತು. ಅಪ್ಪ ನಿಲ್ಲಲಿಲ್ಲ.

ಮನೆಯಲ್ಲಿ ನಾವು ಆಡುವುದು ತೆಲುಗು.
ಅಪ್ಪನ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ್ದು
"ಇಂಕೊಕಟಿ".
ಇನ್ನೊಂದು.
ಕೋಲಾರದ ದೊಡ್ಡಾಸ್ಪತ್ರೆಯಲ್ಲಿ, ಕಣ್ಣು ಅರಿಸಿನವಾಗಿ,
ಚಮಚದಲ್ಲಿ ನೀರು ಬಿಡುತ್ತಿದ್ದ ಅಮ್ಮನಿಗೂ ಅದನ್ನೇ ಅಂದ.

ಬೈರೆಡ್ಡಿಯ ಕಥೆ ಬೇರೆ. ಅವನು ಎದೆಗಾರನಲ್ಲ.
ಕತ್ತಲೆಗೆ ಹೆದರುವವನು, ಹಾಜರಿ ಕೂಗಿದರೆ ಬೆವರುವವನು.
ಮೊದಲ ಟೆಟ್ರಾಪ್ಯಾಕು ಕುಡಿದ ರಾತ್ರಿ
"ಅಣ್ಣಾ, ತಲೆಯೊಳಗಿನ ರೇಡಿಯೋ ಯಾರೋ ಆರಿಸಿಬಿಟ್ಟರು" ಎಂದ.
ಅಂಥ ನಗುಮುಖ ಅದುವರೆಗೆ ಕಂಡಿರಲಿಲ್ಲ.
ಬೈಯಲು ಬಾಯಿ ಬರಲಿಲ್ಲ.

"ಮತ್ತ ನೀವು?"
ಪೆನ್ಸಿಲು ನನ್ನ ಚೌಕದ ಮೇಲೆ ನಿಂತಿದೆ.
ಇಲ್ಲ. ಒಂದು ತೊಟ್ಟೂ ಇಲ್ಲ.
"ಸಿಟ್ಟು? ಅವಸರ? ಹಿಂದ ಮುಂದ ನೋಡದ ಏನರ ಮಾಡೂದು?"

ನಾನು ಡೇರಿಯ ಕಾರ್ಯದರ್ಶಿ. ದಿನಕ್ಕೆರಡು ಸಲ
ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟು ನೀರೆಷ್ಟು ಹೇಳುತ್ತೇನೆ.
ನನ್ನೊಳಕ್ಕೆ ಹೀಗೆ ಬಿಟ್ಟು ನೋಡಿದವರು ಇರಲಿಲ್ಲ.
ಅವಳಿಗೆ ಹೇಳಲಿಲ್ಲ:
ಮೊಬೈಲಿನ ರಮ್ಮಿಯಲ್ಲಿ ಹೋದ ಒಂದು ಸೀಮೆಹಸುವಿನ ದುಡ್ಡು,
ರೋಣೂರು ರಸ್ತೆಯಲ್ಲಿ ರಾತ್ರಿ ದೀಪ ಆರಿಸಿ ಓಡಿಸಿದ ಬೈಕು,
ಡೇರಿಯ ಎದುರಿನ ವೈನ್ಸಿನ ಶಟರು
ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಏಳುತ್ತದೆಂದು
ತೊಟ್ಟೂ ಕುಡಿಯದ ನನಗೆ ಬಾಯಿಪಾಠ ಇರುವುದು.

"ಹಣೇಬರಹ ಅಲ್ರೀ ಇದು" ಅಂದಳು, "ಇಳಿಜಾರು.
ಇಳಿಜಾರಿನ್ಯಾಗ ಮನಿ ಕಟ್ಕೊಂಡು ಬದುಕಿದವರೂ ಅದಾರ."
ಚೌಕ ಖಾಲಿ ಬಿಟ್ಟಳು.
ಕೆಳಗೊಂದು ಗೆರೆ ಎಳೆದು ಪುಟ್ಟ ಸೊನ್ನೆ ಬರೆದಳು.
"ಮಗಳ ಹೆಸರು?"
ಮೋನಿಷಾ. ಹನ್ನೊಂದು ವರ್ಷ.

ಸಂಜೆ ಹಾಲಿನ ಲೆಕ್ಕ ಮುಗಿಸಿ ಬಂದರೆ
ಕೊಟ್ಟಿಗೆಯ ಶೀಟಿನ ಮೇಲೆ ಗಂಡುಹುಡುಗರು ಮೂವರು
ಇನ್ನೂ ಯೋಚಿಸುತ್ತ ನಿಂತಿದ್ದಾರೆ.
ಅವಳು ಹಾರಿಯಾಗಿದೆ.
ಜಡೆಯ ತುಂಬ ರಾಗಿಹುಲ್ಲು, ಮಂಡಿಯಲ್ಲಿ ರಕ್ತ,
ಮತ್ತು ಆ ನಗು.
ಪಕ್ಕದ ಮನೆಯ ಅಕ್ಕಾಯಮ್ಮ
"ಅಬ್ಬಾ, ಎದೆಗಾತಿ!" ಎಂದು ದೃಷ್ಟಿ ತೆಗೆದಳು.
ಅಷ್ಟರಲ್ಲಿ ಮತ್ತೆ ಏಣಿಯ ಅರ್ಧಕ್ಕೆ ಏರಿ, ತಿರುಗಿ, ನನಗೆ:
"ನಾಯ್ನಾ, ಇಂಕೊಕಸಾರಿ!"

ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗೆ ನಿಂತಿದ್ದೇನೆ,
ಚದುರಿದ ಹುಲ್ಲನ್ನು ಕಾಲಲ್ಲಿ ಒಟ್ಟುಮಾಡುತ್ತ,
ಇನ್ನಷ್ಟು, ಇನ್ನಷ್ಟು ದಪ್ಪಕ್ಕೆ.