ಆಂಟೆನಾ ಹಿಡಿದಾಂವ

ಬಂತಾ? ಅಂತ ಮಾಳಗಿ ಮ್ಯಾಲಿಂದ ಕೇಳ್ತಿದ್ದ ತಾಜುದ್ದೀನ.
ಇಲ್ಲ, ಇನ್ನಾ ಸ್ವಲ್ಪ ಹೈದ್ರಾಬಾದ ಕಡಿ ತಿರುವು.
ಬಂತಾ?
ಬಂತು, ಬಂತು. ಹಂಗ ಹಿಡಕೊಂಡ ನಿಂದ್ರು.

ಬೀದರಿನ ಚೌಬಾರಾದ ಹಿಂದ ನಮ್ಮ ಓಣಿಗೆಲ್ಲ ಅದೊಂದೇ ಟೀವಿ,
ಕಪ್ಪು-ಬಿಳುಪು, ಮ್ಯಾಲ ಅವ್ವ ಹೆಣೆದ ಹೊದಿಕಿ.
ಗುರುವಾರ ರಾತ್ರಿ ಒಂಬತ್ತಕ್ಕ
ಬ್ಯಾರೆ ನಕ್ಷತ್ರದವನು ಬರ್ತಿದ್ದ.
ಹವಾಮಾನ ಕಚೇರಿಯ ಹುಡುಗಿ ಮೃಣಾಲಿನಿ
ಗಾಳಿ ಅಳೆಯೋದು ಬಿಟ್ಟು ಅವನ ಉಸಿರು ಅಳೀತಿದ್ದಳು.
ಅವನಿಗೆ ಉಸಿರೇ ಇರಲಿಲ್ಲ.
ಮುಟ್ಟಿದರ ಆಕಿ ಬೆರಳಿಗೆ ಮಂಜು ಕಟ್ಟತಿತ್ತು,
ಪ್ರತಿ ವಾರ ಮುಟ್ಟತಿದ್ದಳು.

ಅವನ ಮಾರಿ ತುಂಬ ಬೆಳ್ಳಿ ಬಣ್ಣ ಬಳಿದಿದ್ರು.
ಕುತ್ತಿಗಿ ಹತ್ರ, ಕಾಲರಿನ ಸಂದ್ಯಾಗ,
ಬಣ್ಣ ಮುಗೀತಿತ್ತು.
ಅಕ್ಕ ಅಲ್ಲಿ ಬೆರಳು ಮಾಡಿ ನಗ್ತಿದ್ದಳು.
ಆ ಜಾಗ ನನಗ ಕಾಣಬಾರದಂತ
ಕಣ್ಣು ಒಂದೀಟು ಮಸಕು ಮಾಡಿಕೊಂಡು ಕುಂಡ್ರತಿದ್ದೆ.

ತಾಜುದ್ದೀನ ಒಂದು ಕಂತೂ ನೋಡಲಿಲ್ಲ.
ನಮ್ಮ ಮಾಳಗಿ ಮ್ಯಾಲ ಗಾಳಿ ಜೋರು,
ಆಂಟೆನಾ ಬಿಟ್ಟರ ಪರದಿ ತುಂಬ ಇರವಿ.
ಹಗಲೆಲ್ಲ ಅಬ್ಬಾನ ಕಾರಖಾನ್ಯಾಗ
ಬಿದರಿ ಹೂಜಿಗೆ ಉಳಿ ಹಿಡಿದ ಕೈ
ರಾತ್ರಿ ಅಲ್ಯುಮಿನಿಯಂ ಕಡ್ಡಿ ಹಿಡೀತಿತ್ತು.
ಮರುದಿನ ನಳದ ಹತ್ರ ಕೇಳಾಂವ: ಮುಂದ ಏನಾತು?
ಹೇಳ್ತಿದ್ದೆ. ಕೊಡ ತುಂಬಿ ಹರೀತಿತ್ತು.
ಒಂದ್ಸಲ ಕೇಳಿದ:
ಆಕಿ ಮನಿಯವರು ಏನಂತಾರ?
ಸೀರಿಯಲ್ಲಿನಾಗ ಆಕಿಗೆ ಮನಿಯವರೇ ಇಲ್ಲ, ಅಂದೆ.
ಅದಕ್ಕೇ, ಅಂದ.

ಕಡೀ ಕಂತಿನ ದಿನ ಕರೆಂಟು ಹೋತು.
ಅವನು ಹಡಗಿನ ಮೆಟ್ಟಿಲ ಮ್ಯಾಲ ಒಂದು ಕಾಲಿಟ್ಟಿದ್ದ,
ಆಕಿ ಕರಿಯಾಕ ಬಾಯಿ ತೆರೆದಿದ್ದಳು.
ಪರದಿ ನಡುವ ಒಂದು ಚುಕ್ಕಿಯಷ್ಟಾಗಿ
ಇಬ್ಬರೂ ಆರಿಹೋದರು.
ಓಣಿಯೆಲ್ಲ ಕೆ.ಇ.ಬಿ.ಯವರಿಗೆ ಬೈಕೋತ ಎದ್ದು ಹೋತು.
ಅರ್ಧ ತಾಸಿನ ಮ್ಯಾಲ ಕಂದೀಲು ಹಿಡಕೊಂಡು ಮಾಳಗಿ ಹತ್ತಿದೆ.
ಅಂವ ಇನ್ನೂ ಹಿಡಕೊಂಡೇ ನಿಂತಿದ್ದ.

ಊರೆಲ್ಲ ಕತ್ತಲಾಗಿದ್ದು ಕಾಣಲಿಲ್ಲೇನು?
ಕಂಡಿತು. ನೀ ಬಿಡು ಅನ್ನಲಿಲ್ಲ.

ಕಡೀಗಿ ಏನಾತಂತ ಆ ರಾತ್ರಿ ಅಂವನೇ ಹೇಳಿದ,
ಏನೂ ನೋಡದಾಂವ:
ಅವನು ಹೋಗಲಿಲ್ಲ. ಮನುಷ್ಯನೂ ಆಗಲಿಲ್ಲ.
ಆಕಿ ಉಣ್ಣಿಯ ಕೈಗವುಸು ಹೆಣಿಯೂದು ಕಲಿತಳು.
ಅಷ್ಟ?
ಅಷ್ಟ. ಮತ್ತೇನು ಬೇಕಿತ್ತು?

ಮೊನ್ನೆ ಅಕ್ಕನ ಮೊಮ್ಮಗಳು
ಫೋನಿನಾಗ ಆ ಕಂತು ಹುಡುಕಿ ಕೊಟ್ಟಳು.
ಮೆಟ್ಟಿಲ ಮ್ಯಾಲ ನಿಂತಾಂವ ತಿರುಗಿ
ಕುತ್ತಿಗಿಯಿಂದ ಬೆಳ್ಳಿ ಸುಲಿದ. ಒಳಗ ಬರೇ ಮನುಷ್ಯ.
ಚಿಕ್ಕಂದಿನಾಗ ಕಳದುಹೋಗಿದ್ದ
ಯಾರೋ ಪ್ರೊಫೆಸರರ ಮಗನಂತ.
ಗೋತ್ರವೂ ಕೂಡಿ ಬಂತು. ಶಹನಾಯಿ.
ಛಲೋ ಆತು ಬಿಡವಾ, ಅಂದಳು ಅಕ್ಕ, ನಮ್ಮವನೇ ಅಂತ.

ನಂಗ ಸಿಟ್ಟು ಬಂತು. ಒಂದು ಸೀರಿಯಲ್ಲಿನ ಮ್ಯಾಲ,
ಈ ವಯಸ್ಸಿನಾಗ. ರಾತ್ರಿ ಉಣ್ಣಲಿಲ್ಲ.

ಕಿಲ್ಲೇದ ಒಳಗ ಬಿಸಿಲು ಕಾಣದ ಮೂಲಿಯ ಮಣ್ಣು ತಂದು
ನಾಲಗಿ ಮ್ಯಾಲಿಟ್ಟು ರುಚಿ ನೋಡ್ತಿದ್ದ ತಾಜುದ್ದೀನ.
ಇದು ಹೌದು. ಇದಲ್ಲ, ಅಂತ ಉಗುಳ್ತಿದ್ದ.
ಹೌದಾದ ಮಣ್ಣಿನ ನೀರಿನಾಗ ಅದ್ದಿದರ
ಸತುವು ಕಪ್ಪಾಗ್ತದ, ಬೆಳ್ಳಿ ಬೆಳ್ಳೀನೇ ಉಳೀತದ.
ನನ್ನ ಲಗ್ನಕ್ಕ ಅಂವ ಕಳಿಸಿದ ಡಬ್ಬ್ಯಾಗ
ಈಗ ಸೂಜಿ, ಒಂಟಿ ಗುಂಡಿ, ಒಂದು ಹಳೇ ಫ್ಯೂಜು ಅದ.
ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣಿ ಹಚ್ಚಿ ಒರಸ್ತೀನಿ.
ಬೆಳ್ಳಿ ಮುಗಿದು ಕಪ್ಪು ಸುರುವಾಗೋ ಜಾಗ
ಉಗುರಿಗೆ ಹತ್ತೂದಿಲ್ಲ.