ಬಾಕಿ ಐದು

ಎರಡನೇ ಬಿ.ಎ., ಮಧ್ಯಯುಗದ ಯುರೋಪು.
ಕಿಟಕಿಯಾಚೆ ಸಾಲಗಾಮೆ ರಸ್ತೆಯ ಹಾರನ್ನು.
ಬೋರ್ಡಿನ ಮೇಲೆ ಬರೆದೆ: ಬೊಲೆಸ್ಲಾವ್.
ಕೊನೇ ಬೆಂಚಿನಿಂದ ಒಬ್ಬ ಕೇಳಿದ,
"ಯಾವ ಬೊಲೆಸ್ಲಾವ್ ಮೇಡಂ?
ಹೋದ ವಾರ ಕಣ್ಣು ಹೋಯ್ತಲ್ಲ, ಅವನಾ?"

ಅಲ್ಲಪ್ಪಾ. ಅವನು ಪ್ರಾಗಿನವನು, ಕೆಂಪು ಬೊಲೆಸ್ಲಾವ್.
ಕ್ರಾಕೋಗೆ ಬಾ ಎಂದು ಕರೆಸಿ ಕಣ್ಣು ಕೀಳಿಸಿದವನು
ಪೋಲೆಂಡಿನ ಬೊಲೆಸ್ಲಾವ್. ನೆಂಟನೇ.
ಈತ ಮೂರನೆಯವನು, ನೂರು ವರ್ಷ ಈಚಿನವನು,
ಸೊಟ್ಟಬಾಯಿ ಬೊಲೆಸ್ಲಾವ್.

ಕ್ಲಾಸು ನಕ್ಕಿತು. ನಾನೂ ನಕ್ಕೆ.
ನಮ್ಮಪ್ಪನ ಬಾಯಿಯೂ ಕೊನೆಗೆ ಸೊಟ್ಟಗಾಗಿತ್ತು,
ಎಡಗಡೆ ಲಕ್ವ ಹೊಡೆದು.
ಆ ಬಾಯಲ್ಲೇ ಹೇಳಿ ಬರೆಸಿದ್ದ ಉಯಿಲು,
ಕಾಫಿ ಲೋಟದಡಿ ಸ್ಟಾಂಪ್ ಪೇಪರು ಒದ್ದೆಯಾಗುತ್ತಿತ್ತು:

ಅರಸೀಕೆರೆ ಲೈನು ದೊಡ್ಡವನು ಸ್ವಾಮಿಗೌಡನಿಗೆ.
ಬೇಲೂರು ಬೈರಣ್ಣನಿಗೆ.
ಹೊಳೆನರಸೀಪುರ ಜವರಪ್ಪನಿಗೆ, ಜೊತೆಗೆ ಹಳೇ ಬಸ್ಸಿನ ಸಾಲ.
ಅರಕಲಗೂಡು ಕಾಂತರಾಜುವಿಗೆ.
ಗ್ಯಾರೇಜು, ಕಲ್ಲಾಪೆಟ್ಟಿಗೆ, ಬೋರ್ಡಿನ ಮೇಲಿನ ಹೆಸರು
ಯಾವತ್ತೂ ಹಿರಿಯನ ಕೈಲಿರಬೇಕು.
ಮಂಚೇಗೌಡ ಮೋಟಾರ್ಸ್ ಒಡೆಯಬಾರದು.

ಸೊಟ್ಟಬಾಯಿಯೂ ಹೀಗೇ ಹಂಚಿದ.
ತಾನು ಮಾತ್ರ ಅಣ್ಣ ಜ್ಬಿಗ್ನೆವನ್ನು ಊರಿಗೆ ಕರೆಸಿಕೊಂಡು
ಕಣ್ಣು ಕೀಳಿಸಿದವನು.
ಮಕ್ಕಳು ಬಡಿದಾಡದಿರಲಿ ಎಂದು
ಚಂದ ಅಕ್ಷರದಲ್ಲಿ ಕಾಗದ ಮಾಡಿಸಿಟ್ಟ.
ನಮ್ಮಪ್ಪ ತನ್ನ ಅಣ್ಣನನ್ನು ಆಲೂರು ಲೈನಿನಿಂದ ಓಡಿಸಿದ್ದು
ಊರಿಗೆಲ್ಲ ಗೊತ್ತು.
ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ.

ಅಪ್ಪನ ತಿಂಗಳು ಕಳೆದಿರಲಿಲ್ಲ.
ಒಂದು ಬೆಳಗ್ಗೆ ಹೋಗಿ ನೋಡಿದರೆ
ಜವರಪ್ಪನ ಬಸ್ಸಿಗೆ ಎರಡೂ ಕಣ್ಣಿಲ್ಲ.
ಹೆಡ್‌ಲೈಟಿನ ಗಾಜು ಡೀಸೆಲ್ ಮಣ್ಣಿನಲ್ಲಿ ಮಿಣಮಿಣ.
ಮೆಕ್ಯಾನಿಕ್ ಬಾಬಾಜಾನ್ ಕೂತಿದ್ದ ಬಕೆಟ್ ಬೋರಲು ಹಾಕಿಕೊಂಡು.
"ಯಾರು ಮಾಡಿದ್ರು ಬಾಬಾಜಾನ್?"
"ನಾನು ಇಂಜಿನ್ ಕಡೆ ಇದ್ದೆ ತಾಯಿ."

ಕೊನೆಯವನೊಬ್ಬನಿದ್ದ, ಕಾಸಿಮಿರ್.
ಅವನಿಗೆ ಅಪ್ಪ ಏನೂ ಬಿಡಲಿಲ್ಲ. ಯಾಕೆ ಎಂದವರಿಗೆ
ನಾಲ್ಕು ಚಕ್ರ ಕೊಟ್ಟಿದ್ದೀನಲ್ಲ,
ಗಾಡಿ ಹೊಡೆಯೋಕೆ ಒಬ್ಬ ಬೇಡವಾ, ಅಂದನಂತೆ.
ಹೀಗೊಂದು ಕತೆ. ನಂಬಲೇಬೇಕೆಂದಿಲ್ಲ.
ನಲವತ್ತು ವರ್ಷ ಕಳೆದು ಕ್ರಾಕೋ ಸಿಕ್ಕಿದ್ದು ಅವನಿಗೇ.
ನಮ್ಮನೆಯ ಕೊನೆಯವನು ನಿಜಗುಣ.
ಉಯಿಲಿನ ದಿನ ಅಂಗಳದಲ್ಲಿ ಟೈರು ಉರುಳಿಸುತ್ತಿದ್ದ.
ಇವತ್ತು ಐದು ಪರ್ಮಿಟ್ಟೂ ಅವನ ಹೆಸರಲ್ಲಿ,
ಅಣ್ಣಂದಿರು ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಗೆ ಕೂರುತ್ತಾರೆ.

"ಹೆಣ್ಣುಮಕ್ಕಳು ಇರಲಿಲ್ವಾ ಮೇಡಂ?"
ಮುಂದಿನ ಬೆಂಚಿನ ಹುಡುಗಿ, ಪೆನ್ನಿನ ಟೋಪಿ ಕಚ್ಚುತ್ತಾ.
ಇದ್ದರು.
ಆಗ್ನೆಸ್ ಎಂಬ ಮಗುವಿಗೆ ಮೂರೋ ನಾಲ್ಕೋ ವರ್ಷ.
ದೊಡ್ಡವನನ್ನು ಬಗ್ಗುಬಡಿಯಲು ಪಡೆ ಬೇಕಿತ್ತು,
ಕೀವಿನ ಮನೆತನಕ್ಕೆ ಕೊಡೋಣವೆಂದು
ತಾಯಿ, ಅಣ್ಣಂದಿರು ಸಭೆ ಕೂತು ಮಾತಾಡಿದರು.
"ಪರೀಕ್ಷೆಗೆ ಬರುತ್ತಾ?"
ಬರಲ್ಲಮ್ಮ.

ನಾಲ್ಕು ಚಕ್ರ ಸರಿ, ಹೊಡೆಯುವವನೂ ಸರಿ.
ಗಾಡಿಯೊಳಗೆ ಯಾರು ಕೂತಿದ್ದರು
ಎಂದು ಆ ಅಪ್ಪನನ್ನು ಯಾರೂ ಕೇಳಲಿಲ್ಲ.
ನಮ್ಮಪ್ಪನನ್ನು ನಾನೂ ಕೇಳಲಿಲ್ಲ.
ಉಯಿಲಿಗೆ ಸಾಕ್ಷಿ ಸಹಿ ಹಾಕಿದವರಿಗೆ
ಎರಡನೇ ಸಲ ಕಾಫಿ ತಂದುಕೊಟ್ಟೆ.

ಸಂಜೆ ಐದೂ ಕಾಲು. ಅರಸೀಕೆರೆ ಗಾಡಿ.
ಬಾನೆಟ್ಟಿನ ಮೇಲೆ ಅಪ್ಪನ ಹೆಸರಿಗೆ ಹೊಸ ಹಳದಿ ಬಣ್ಣ,
ಚ ಅಕ್ಷರದ ಬಾಲ ಸ್ವಲ್ಪ ಇಳಿದಿದೆ.
ಹೊಸ ಕಂಡಕ್ಟರ್, ಮೀಸೆ ಈಗ ಬರುತ್ತಿದೆ.
"ಎಲ್ಲಿಗೆ ಅಕ್ಕ? ಚಿಲ್ಲರೆ ಕೊಡಿ."
ಇರಲಿಲ್ಲ. ನೋಟು ಕೊಟ್ಟೆ.

ಟಿಕೆಟ್ಟಿನ ಬೆನ್ನಿಗೆ ಗೀಚಿ ಕೈಗಿಟ್ಟ:
ಬಾಕಿ ಐದು.
ಹಿಂದೆ ನಡೆದ.
ದುದ್ದ ದಾಟಿತು.
ಮುಷ್ಟಿ ಬಿಡಿಸಿ ಒಮ್ಮೆ ನೋಡಿಕೊಂಡೆ,
ನಮ್ಮ ಮನೆಯವರು ನನ್ನ ಹೆಸರಿಗೆ
ಬರೆದುಕೊಟ್ಟ ಮೊದಲನೇ ಕಾಗದ.
ಬೆವರಿಗೆ ಶಾಯಿ ಆಗಲೇ ಹರಡುತ್ತಿತ್ತು.